ಕಾಲು ಮುಂದಾಗಿ ಹುಟ್ಟಿದವರು

ಕೇಳಿ ಎಲ್ಲರೂ, ಇವತ್ತು ಕೊಳ್ಳೇಗಾಲದಲ್ಲಿ ಡಾಕ್ಟರು ನನ್ನ ಬೆನ್ನಿನ ಸ್ಕ್ಯಾನಿಂಗ್ ಫೋಟೋವನ್ನು ಬೆಳಕಿಗೆ ಹಿಡಿದರು. ಸೊಂಟದಲ್ಲಿ ಐದು ಮೂಳೆ ಇರುತ್ತವಂತೆ, ಕೊನೆಯ ಎರಡರ ನಡುವಿನ ಮೆತ್ತೆ ಜರುಗಿದೆಯಂತೆ.

"ಸಾ, ನೀವು ಉಟ್ದಾಗ ಮೊದ್ಲು ತಲೆ ಬಂತಾ, ಕಾಲು ಬಂತಾ?" ಎಂದೆ.

"ತಲೆನೇ ಇರಬೇಕು ಅಜ್ಜಿ, ಯಾಕೆ?"

"ಅಂಗಾದ್ರೆ ನಿಮ್ಮ ಕೈಲಾಗಲ್ಲ ಬುಡಿ."

ನಮ್ಮ ಯಜಮಾನರು ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಕಾಲು ತಾಕಿದರೆ ಉಳುಕು ಬಿಡುತ್ತದೆಂದು ಮಾಂಬಳ್ಳಿಯ ಅರ್ಧ ಊರು ನಮ್ಮ ಜಗಲಿಯಲ್ಲಿ ಬೋರಲು ಮಲಗುತ್ತಿತ್ತು. ನಾಟಿ ಮುಗಿಸಿ ಬಂದ ನನ್ನ ಸೊಂಟವನ್ನೂ ಹಿಮ್ಮಡಿಯಲ್ಲಿ ಮೂರು ಸಲ ನೀವಿ, "ಅಗುರಾಯ್ತೇನಮ್ಮೀ?" ಎನ್ನುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು.

ಡಾಕ್ಟರು ಸೊಂಟಕ್ಕೆ ಬೆಲ್ಟು ಕೊಟ್ಟಿದ್ದಾರೆ. ಬಿಗಿಯಾಗೇನೋ ಹಿಡಿದುಕೊಳ್ಳುತ್ತದೆ, ಆದರೆ ಮುಂಡೇದು ಒಂದು ಮಾತೂ ಆಡುವುದಿಲ್ಲ.