ಇಲ್ಲದ ಮರವನ್ನು ಬಳಸಿದ ದಾರಿ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ತಿಪಟೂರಿನಲ್ಲಿ ಕೂತು ಬಹಳ ವರ್ಷಗಳಿಂದ ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಟೇಪಿಗೆ ಸಿಗದ್ದನ್ನು ನಂಬುವ ಕಸುಬಲ್ಲ ನನ್ನದು. ಈಗ ಆ ಮಾತನ್ನು ಅಷ್ಟು ಜೋರಾಗಿ ಹೇಳಲಾರೆ.

ನಾಲ್ಕು ವರ್ಷದ ಹಿಂದೆ ನನಗೆ ಈ ಕೆಲಸವೇ ಸಾಕಾಗಿಹೋಗಿತ್ತು. ಎಲ್ಲರಿಗೂ ಅದೇ ಪೋರ್ಟಿಕೋ ಬೇಕು, ಪಕ್ಕದ ಮನೆಗಿಂತ ಒಂದಡಿ ಎತ್ತರ ಬೇಕು. ಅಂಥ ಹೊತ್ತಿನಲ್ಲಿ ಅರಳಗುಪ್ಪೆ ಕಡೆಯ ರುದ್ರಕ್ಕ ಬಂದರು. ಗಂಡ ತೀರಿಕೊಂಡ ಮೇಲೆ ತಮ್ಮ ಬಸವರಾಜುವಿನ ತುಂಬಿದ ಸಂಸಾರದಲ್ಲಿ ಇದ್ದವರು. ತನ್ನ ಪಾಲಿನ ತೆಂಗಿನ ತೋಟದಲ್ಲಿ ಒಂದು ಸಣ್ಣ ಮನೆ ಬೇಕೆಂದರು.

“ಹೊಸಲು ದಾಟಿದ್ರೆ ಸಾಕು, ಎಲ್ಲಿಗೆ ಎಲ್ಲಿಗೆ ಅಂತಾರೆ ಕಣಪ್ಪ. ಸುಮ್ನೆ ನಡೆಯೋಕೆ ಹೊಂಟೆ ಅಂದ್ರೆ ಯಾರೂ ನಂಬಲ್ಲ. ನಾನೊಬ್ಳೇ ನಡೀಬೇಕು, ಯಾರೂ ಏನೂ ಕೇಳಬಾರ್ದು. ಅಂಥದೊಂದು ಕಟ್ಟಿಕೊಡು.”

ಎಷ್ಟೋ ದಿನಗಳ ಮೇಲೆ ಒಂದು ಕೆಲಸ ಮಾಡಬೇಕೆನಿಸಿತು. ನಡುವೆ ಒಂದೇ ಕೋಣೆ. ಸುತ್ತಲೂ ಹೆಂಚು ಹೊದಿಸಿದ ಹಾದಿ. ಎಲ್ಲಿಂದ ಹೊರಟರೂ ಸುತ್ತಿ ಅಲ್ಲಿಗೇ ಬರಬೇಕು, ಎದುರಿಗೆ ಯಾರೂ ಸಿಗಬಾರದು.

ಆದರೆ ಒಂದು ತಪ್ಪು ಮಾಡಿದೆ. ನಮ್ಮ ಕಡೆ ತೋಟಕ್ಕೆ ಟೇಪು ಹಿಡಿಯುವವರು ಕಡಿಮೆ. ಮೂವತ್ತಡಿಗೊಂದು ಮರ, ಬದುವಿನ ಮೇಲೆ ನಿಂತು ಸಾಲು ಎಣಿಸಿದರೆ ಅಳತೆ ಮುಗಿಯಿತು. ದಣಿದಿದ್ದ ನಾನೂ ಹಾಗೇ ಎಣಿಸಿಕೊಂಡು ಬಂದೆ. ಆ ಲೆಕ್ಕದಲ್ಲಿ ಮೂರನೇ ಸಾಲಿನ ಒಂದು ಮರ ಹಾದಿಗೆ ಅಡ್ಡ ಬರುತ್ತಿತ್ತು. ಕಡಿಸಲು ಮನಸ್ಸಾಗದೆ ಹಾದಿಯನ್ನೇ ಅದರ ಸುತ್ತ ಬಳಸಿ ಬರೆದೆ. ನಕ್ಷೆಯನ್ನು ಯಾರಿಗೂ ತೋರಿಸಿರಲಿಲ್ಲ.

ಆ ವಾರವೇ ರುದ್ರಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ತಿಂಗಳು ಕಳೆದರೂ ಹಾಸಿಗೆಯಿಂದ ಏಳಲಿಲ್ಲ. ಬಸವರಾಜು ಫೋನ್ ಮಾಡಿದ. “ನಡೆಯೋಕಾಗ್ದೋಳಿಗೆ ನಡೆಯೋ ಮನೆ ಯಾಕೆ ಸಾರ್? ನಾನು ಬೇಡ ಅಂದ್ರೆ ಅಕ್ಕ ಅಳ್ತದೆ. ಅಲ್ಲಿ ಪಾಯ ನಿಲ್ಲಲ್ಲ ಅಂತ ನೀವೇ ಹೇಳ್ಬುಡಿ.” ಒಪ್ಪಿಕೊಂಡೆ. ವಾದ ಮಾಡುವ ತ್ರಾಣವೂ ನನ್ನಲ್ಲಿರಲಿಲ್ಲ.

ಸುಳ್ಳು ಹೇಳುವ ಮುಂಚೆ ನೆಲ ನೋಡಿದ ಶಾಸ್ತ್ರವಾದರೂ ಆಗಲಿ ಎಂದು ಮಧ್ಯಾಹ್ನ ತೋಟಕ್ಕೆ ಹೋದೆ. ವಾರದ ಹಿಂದಷ್ಟೇ ಟ್ರ್ಯಾಕ್ಟರ್‌ನಲ್ಲಿ ಉಳುಮೆ ಮಾಡಿಸಿದ್ದರು. ಆ ಸಡಿಲ ಮಣ್ಣಿನ ನಡುವೆ ಒಂದು ಕಾಲುದಾರಿ ಬಿದ್ದಿತ್ತು. ವರ್ಷಗಟ್ಟಲೆ ತುಳಿದ ಹಾಗೆ ಗಟ್ಟಿಯಾಗಿ ಸವೆದಿತ್ತು. ಎಲ್ಲಿಂದಲೂ ಬಂದದ್ದಲ್ಲ, ಎಲ್ಲಿಗೂ ಹೋಗುವುದಲ್ಲ, ಒಂದು ಸುತ್ತು ಬಂದು ಮತ್ತೆ ತನ್ನನ್ನೇ ಸೇರುತ್ತಿತ್ತು.

ಚೀಲದಿಂದ ನಕ್ಷೆ ತೆಗೆದು ಟೇಪು ಹಿಡಿದೆ. ಪ್ರತಿಯೊಂದು ಅಳತೆಯೂ ಕೂಡಿಬಂತು. ಮೂರನೇ ಸಾಲಿನ ಹತ್ತಿರ ದಾರಿ ನಾನು ಬರೆದಂತೆಯೇ ಬಳಸಿಕೊಂಡು ಹೋಗಿತ್ತು. ಆದರೆ ಅಲ್ಲಿ ಮರವೇ ಇರಲಿಲ್ಲ. ಬೊಡ್ಡೆಯಿಲ್ಲ, ಗುಂಡಿಯಿಲ್ಲ, ಬರೀ ಉತ್ತ ಮಣ್ಣು. ನಾನು ಎಣಿಕೆಯಲ್ಲಿ ಮಾಡಿದ ತಪ್ಪನ್ನೂ ಬಿಡದೆ ಯಾರೋ ನಡೆದಿದ್ದರು. ಟೇಪು ಸುತ್ತಿಕೊಂಡು ತೋಟದಿಂದ ಹೊರಬಿದ್ದೆ.

ಅವರ ಮನೆಗೆ ಹೋದಾಗ ಬಾಗಿಲಲ್ಲೇ ಬಸವರಾಜುವನ್ನು ಆ ಜಾಗದ ಬಗ್ಗೆ ಕೇಳಿದೆ. “ಅಲ್ಲಿ ಯಾವತ್ತೂ ಸಸಿ ಹಿಡೀಲೇ ಇಲ್ಲ ಸಾರ್. ನಮ್ಮಪ್ಪನ ಕಾಲದಿಂದ್ಲೂ ಖಾಲಿ,” ಎಂದ. ಒಳಗೆ ರುದ್ರಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದರು. ನನ್ನ ದನಿ ಕೇಳಿ ಕತ್ತು ಹೊರಳಿಸಿದರು.

“ತೋಟಕ್ಕೆ ಹೋಗಿದ್ಯಾ? ಆ ತಿರುವಲ್ಲಿರೋ ಮರ ಮಾತ್ರ ಕಡೀಬೇಡ ಕಣಪ್ಪ. ಸುಸ್ತಾದಾಗ ಅದನ್ನೇ ಹಿಡ್ಕೊಂಡು ನಿಂತ್ಕೊತೀನಿ.”

ಬಸವರಾಜು ನನ್ನ ಮುಖ ನೋಡುತ್ತಿದ್ದ. “ಪಾಯ ನಿಲ್ಲುತ್ತೆ ಅಕ್ಕ,” ಎಂದೆ.

ನಕ್ಷೆ ತಿದ್ದಲಿಲ್ಲ. ತಪ್ಪಿನ ಸಮೇತ ಹಾಗೇ ಕಟ್ಟಿಸಿದೆ. ತಿರುವಿನಲ್ಲಿ ಒಂದು ಮರ ಹಿಡಿಸುವಷ್ಟಗಲ ಮಣ್ಣು ಬಿಟ್ಟು, ಮೇಲೆ ಸೂರಿಗೂ ಅಷ್ಟು ಜಾಗ ಬಿಡಿಸಿದೆ. ಮೇಸ್ತ್ರಿ ನಕ್ಕ. ರುದ್ರಕ್ಕ ಎದ್ದು ನಿಲ್ಲಲು ಒಂದು ವರ್ಷ ಹಿಡಿಯಿತು. ಈಗ ಕೋಲೂರಿ ದಿನಾ ನಾಲ್ಕು ಸುತ್ತು ಬರುತ್ತಾರಂತೆ.

ಹೋದ ತಿಂಗಳು ಹೆಂಚು ನೋಡಲು ಹೋಗಿದ್ದೆ. ಅವರು ನನ್ನನ್ನು ಗಮನಿಸಲಿಲ್ಲ. ತಿರುವಿಗೆ ಬಂದಾಗ ನಿಂತರು, ಕೋಲನ್ನು ಗೋಡೆಗೆ ಒರಗಿಸಿದರು, ಎರಡೂ ಕೈ ಮುಂದೆ ಚಾಚಿ ಖಾಲಿ ಜಾಗದ ಮೇಲೆ ಮೈಭಾರವನ್ನೆಲ್ಲ ಬಿಟ್ಟು ದಣಿವಾರಿಸಿಕೊಂಡರು. ಬೀಳಲಿಲ್ಲ.

ಏನದು ಅಂತ ಕೇಳುವ ಮಾತು ಬಾಯಿವರೆಗೂ ಬಂತು. ಆದರೆ ಯಾರೂ ಏನೂ ಕೇಳದ ಜಾಗ ಬೇಕೆಂದೇ ಕಟ್ಟಿಸಿಕೊಂಡವರು ಅವರು. ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿದೆ.