ಬರೆಯದೆ ಬಿಟ್ಟ ಮುಖ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಮೈದಾ ಅಂಟು ಕುಡಿದು ಹಳದಿಯಾಗಿತ್ತು. ಅಂಟಿಕೊಂಡ ಹಾಳೆಗಳ ನಡುವೆ ಅದನ್ನು ಹಾಯಿಸಿ, ಹರಿಯದಂತೆ ಬಿಡಿಸುತ್ತಿದ್ದರು. ಇಂಡಿ ಪಟ್ಟಣದ ನಮ್ಮ ಓಣಿಯಲ್ಲಿ ಯಾರ ಮನೆಯ ಪೋಥಿ, ಅಂದರೆ ಪಾರಾಯಣದ ಪುಸ್ತಕ, ಹರಿದರೂ ಅವರ ಪಡಸಾಲೆಗೇ ಬರುತ್ತಿತ್ತು. ಅವರ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಬೈಗುಳ ಮಾತ್ರ ಪೂರ್ತಿ ಕನ್ನಡ.

ಆಗ ನಾನು ವಿಜಯಪುರದಲ್ಲಿ ಚಿತ್ರಕಲೆ ಓದುತ್ತಿದ್ದೆ. ನಮ್ಮ ಸರ್ ಬಳಿ ಯುರೋಪಿನ ಹಳೆಯ ಅಚ್ಚಿನ ಚಿತ್ರವೊಂದಿತ್ತು, ತಾಮ್ರದ ತಗಡಿನಲ್ಲಿ ಕೊರೆದು ಮುದ್ರಿಸಿದ್ದು. ಗ್ರೀಕ್ ಪುರಾಣದ ರಾಣಿಯೊಬ್ಬಳು ಮಕ್ಕಳ ಬಗ್ಗೆ ಜಂಬ ಕೊಚ್ಚಿಕೊಂಡಳೆಂದು ದೇವತೆಗಳು ಬಾಣ ಬಿಟ್ಟು ಮಕ್ಕಳನ್ನೆಲ್ಲ ಕೊಲ್ಲುತ್ತಿದ್ದಾರೆ. ಕೊನೆಯ ಮಗಳನ್ನು ಆಕೆ ಮಡಿಲಿಗೆ ಅವುಚಿಕೊಂಡಿದ್ದಾಳೆ. ನಕಲು ತೆಗೆಯುವ ಆಸೆಗೆ ಸರ್‌ಗೆ ಹೇಳದೆ ಅದನ್ನು ಚೀಲಕ್ಕೆ ಹಾಕಿಕೊಂಡು ಊರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಝಳಕಿ ಊರು ಬರುವಷ್ಟರಲ್ಲಿ ನೀರಿನ ಬಾಟಲಿ ಸೋರಿ, ಮಡಚದಿರಲೆಂದು ಜೊತೆಗಿಟ್ಟಿದ್ದ ರಟ್ಟಿಗೆ ಚಿತ್ರ ಅಂಟಿತ್ತು. ಗಾಬರಿಯಲ್ಲಿ ಎಳೆದೆ. ಆ ಮಗಳ ಮುಖ ಮುದ್ದೆಯಾಗಿ ಕಿತ್ತುಹೋಯಿತು. ಬಸ್ಸಿಳಿದವಳೇ ನೇರ ಕಾಕು ಅವರ ಪಡಸಾಲೆಗೆ ಓಡಿದೆ.

ಕಾಕು ಚಿತ್ರವನ್ನು ರಟ್ಟಿನ ಸಮೇತ ಪರಾತದ, ಆ ಅಗಲ ತಟ್ಟೆಯ, ನೀರಿನಲ್ಲಿ ತೇಲಿಬಿಟ್ಟರು.

"ಹೆದರಿ ಎಳದಿ, ಅದಕ್ಕ ಹರೀತು. ಈಗ ಸುಮ್ಮ ಕೂಡು. ಉಸುರು ಸುದ್ದಾ ಜೋರ ಬಿಡಬ್ಯಾಡ."

ರಟ್ಟು ಕೂದಲೆಳೆಯಷ್ಟೇ ಬಿಡುತ್ತಿತ್ತು. ರಾಣಿಯ ಕೈ ಬಂತು, ಬಾಣಗಳು ಬಂದವು. ಒಮ್ಮೆ ಅಂಚು ಚಿರ್ರೆಂದಿತು. ಕಾಕು ಕೈ ತೆಗೆಯಲಿಲ್ಲ. ಎರಡು ತಾಸಿನ ನಂತರ ಹಾಳೆ ಪೂರ್ತಿ ಬಿಟ್ಟಿತು, ನಡುವೆ ತೂತು.

"ಕಾಕು, ಆ ಹುಡುಗಿ ಮಾರಿ ನೀವ ಬರದ ಬಿಡ್ರಿ. ಸರ್‌ಗ ಗೊತ್ತಾಗೂದಿಲ್ಲ."

"ಆಕಿ ಮಾರಿ ಹೆಂಗಿತ್ತು?"

"ನೆನಪಿಲ್ರಿ."

"ನನಗೂ ಗೊತ್ತಿಲ್ಲ. ಮತ್ತ ಯಾರ ಮಾರಿ ಬರೀಲಿ?"

ಹಿಂದಿನಿಂದ ಬರಿ ಕಾಗದ ಹಚ್ಚಿ ಕೊಟ್ಟರು. "ಹೋಗಿ ಇದ್ದದ್ದು ಇದ್ದಂಗ ಹೇಳು."

ಹೇಳಿದೆ. ಸರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆ ವರ್ಷ ನನ್ನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಬಾಗಿಲ ತನಕ ಹೋದವಳನ್ನು ಕರೆದು, "ಈ ತ್ಯಾಪಿ ಹಚ್ಚಿದವ್ರು ಯಾರು? ಅವರ ಕಡೆ ಕಲಿ," ಎಂದರು. ಕಳೆದುಹೋದ ಆ ವರ್ಷವನ್ನು ನಾನು ಕಾಕುವಿನ ಪಡಸಾಲೆಯಲ್ಲಿ ಕಳೆದೆ. ಇಂದು ಹಳೆಯ ಕಾಗದ ದುರಸ್ತಿಯೇ ನನ್ನ ಕಸುಬು.

ಹೋದ ಬೇಸಿಗೆಯಲ್ಲಿ ಕಾಕು ತೀರಿಕೊಂಡರು. ಅವರು ಅರ್ಧ ಹೊಲಿದಿಟ್ಟ ಪೋಥಿಯನ್ನು ಮನೆಯವರು ನನ್ನ ಕೈಗಿತ್ತರು. ಮುಗಿಸಿದ್ದೇನೆ. ಅವರ ಹೊಲಿಗೆ ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂಬುದು ನೋಡಿದವರಿಗೆ ತಿಳಿಯುತ್ತದೆ. ಮುಚ್ಚಿಡಲು ಹೋಗಲಿಲ್ಲ.