ಸುರಪುರದ ಬಂಗಲೆ, ಅಗಸಿ ಹಿಂಡಿ

ಯಾದಗಿರಿಯ ಬೇಸಿಗೆಯನ್ನು ಬೈಯದೆ ಪ್ರಯಾಣದ ಮಾತು ಶುರು ಮಾಡಲು ನನಗೆ ಬರುವುದಿಲ್ಲ. ಕಲ್ಲು ಕಾದು, ಗೋಡೆ ಕಾದು, ಕುಡಿಯುವ ನೀರೂ ಕಾಯುವ ಊರು ಇದು. ಹೈದರಾಬಾದಿನ ಸಾಹೇಬರುಗಳಿಗಾದರೆ ಸುರಪುರದ ಗುಡ್ಡದ ಮೇಲೆ ಬಂಗಲೆ ಇತ್ತು. ಹವಾ ತಿನ್ನಲು ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಸ್ಟೇಶನ್ ಎದುರಿನ ಶೇಂಗಾ ಅಂಗಡಿಯಲ್ಲಿ ಚೀಲ ತೂಗುವ ನನಗೆ ಗುಡ್ಡದ ಹವಾ ಯಾತಕ್ಕೆ? ನಿಜಾಮರ ಕಾಲ ಮುಗಿಯುತ್ತ ಬಂದಿದ್ದ ಆ ವರ್ಷ ನಾನು ಅಲ್ಲಿಗೆ ಹೋದದ್ದು ಹವಾಕ್ಕಲ್ಲ, ನಾಗಮ್ಮಕ್ಕನಿಗಾಗಿ.

ನಾಗಮ್ಮ ನನ್ನ ಒಬ್ಬಳೇ ಅಕ್ಕ. ಗಂಡ ಸತ್ತ ಮೇಲೆ ಹೈದರಾಬಾದಿನಲ್ಲಿ ಒಬ್ಬ ಸಾಹೇಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದಳು. ನಮ್ಮವ್ವ ತೀರಿಕೊಂಡಾಗ ಆ ಮನೆಯವರು ಬಿಡಲಿಲ್ಲ, ಅಕ್ಕನಿಗೆ ಮಣ್ಣಿಗೆ ಬರಲಾಗಲಿಲ್ಲ. ಅಂದಿನಿಂದ ತಮ್ಮ ತನ್ನ ಮೇಲೆ ಸಿಟ್ಟಾಗಿದ್ದಾನೆ ಅಂತ ಆಕೆ ಕೊರಗುತ್ತಾಳೆಂದು ಹೋಗಿ ಬರುವವರ ಬಾಯಲ್ಲಿ ಕೇಳಿದ್ದೆ. ಸಿಟ್ಟು ಎಲ್ಲಿಯದು! ಅವ್ವ ಹೋದ ಮೇಲೆ ನನಗೆ ಇದ್ದವಳೇ ಆಕೆಯೊಬ್ಬಳು. ಎದುರು ನಿಂತು, ಸಿಟ್ಟಿಲ್ಲಬೇ ಅಕ್ಕಾ, ಅಂತ ಒಂದು ಮಾತು ಹೇಳಬೇಕಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಮೋಟರ್ ಸ್ಟ್ಯಾಂಡಿನಲ್ಲಿ ಡ್ರೈವರ್ ಖಾಸೀಮಭಾಯಿ ಗಾಡಿ ಚಾಲೂ ಇಟ್ಟುಕೊಂಡೇ ನನ್ನನ್ನು ಕೂಗಿದ. "ಮಲ್ಲಣ್ಣಾ, ತುಮ್ಹಾರೀ ಬಹೆನ್ ಸುರಪುರ್ ಕೇ ಬಂಗಲೇ ಮೇ ಹೈ. ಕಲ್ ಆನಾ ಬೋಲೀ!" ಅಕ್ಕ ಸಾಹೇಬರ ಜೊತೆ ಬಂಗಲೆಗೆ ಬಂದಿದ್ದಾಳೆ, ನಾಳೆ ಬಾ ಅಂದಿದ್ದಾಳೆ. ಅಷ್ಟು ಉರ್ದು ನನಗೂ ಬರುತ್ತಿತ್ತು. ಅವನು ಪಕ್ಕದ ಸೀಟು ತಟ್ಟಿ, "ಚಲ್ತೇ?" ಅಂದ, ಬರುತ್ತೀಯಾ ಅಂತ. "ಕಲ್," ಅಂದೆ, ನಾಳೆ ಅಂತ. ಒಂದು ಥರ ನೋಡಿದ, ಹಾರ್ನ್ ಬಾರಿಸಿದ, ಹೊರಟುಹೋದ.

ನಾನು ಸಾಹುಕಾರರ ಹತ್ತಿರ ಮರುದಿನಕ್ಕೆ ರಜೆ ಕೇಳಿಕೊಂಡೆ. ಸಂಜೆ ನಾನು ಊಟಕ್ಕೆ ಹೋಗುವ ಶರಣಮ್ಮನ ಖಾನಾವಳಿಯ ಹಿತ್ತಿಲಲ್ಲಿ ಕೂತು ಅಕ್ಕನಿಗೆಂದು ಅಗಸಿ ಹಿಂಡಿ ಕುಟ್ಟಿದೆ. ಅಗಸೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅವ್ವ ಕುಟ್ಟುತ್ತಿದ್ದ ಹಾಗೆಯೇ. ಶರಣಮ್ಮ ಬಾಗಿಲಲ್ಲಿ ನಿಂತು ನಕ್ಕಳು. "ಎಪ್ಪಾ ಮಲ್ಲಣ್ಣ, ಒರಳು ಒಡದೀಯೋ! ನಾ ಕುಟ್ಟಿಕೊಡ್ತೀನಿ, ಸರಿ." ನಾನು ಸರಿಯಲಿಲ್ಲ.

ಮರುದಿನ ಬೆಳಗಿನ ಗಾಡಿ ಅದೇ ಖಾಸೀಮಭಾಯಿಯದು. ಮುಂದೆ ಜಾಗ ಇರಲಿಲ್ಲ, ಹಿಂದೆ ಕೂತೆ. ಭೀಮಾ ಹೊಳೆ ಬತ್ತಿ ಉಸುಕೇ ಉಸುಕು. ಮೀನುಗಾರರ ಹರಗೋಲುಗಳು ದಂಡೆಯ ಮೇಲೆ ಬೋರಲು ಬಿದ್ದಿದ್ದವು. ಪಕ್ಕದಲ್ಲಿ ಕೋಳಿಬುಟ್ಟಿ ಹಿಡಿದ ಮುದುಕಿಯೊಬ್ಬಳು ಕೂತಿದ್ದಳು.

"ಎಲ್ಲಿಗಪಾ?" ಅಂದಳು.

"ಅಕ್ಕನ್ನ ನೋಡಾಕಬೇ."

"ಅಕ್ಕ ಇದ್ದಾಕಿ ಅಂದ್ರ ಅವ್ವ ಇದ್ಹಂಗ," ಅಂತ ಮುದುಕಿ ನನ್ನ ಬೆನ್ನು ಸವರಿದಳು. ಬಹಳ ದಿನಗಳಿಂದ ನನ್ನ ಬೆನ್ನು ಯಾರೂ ಮುಟ್ಟಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಶಹಾಪುರ ಇನ್ನೂ ಒಂದು ಹರದಾರಿ ದೂರ ಇರುವಾಗ ಎದುರಿನಿಂದ ಒಂದು ಕರಿ ಕಾರು ಬಂತು. ಹಿಂದಿನ ಸೀಟಿಗೆ ಪರದೆ ಕಟ್ಟಿತ್ತು. ಎದ್ದ ಧೂಳಿಗೆ ನಾನು ಕಣ್ಣು ಮುಚ್ಚಿ, ಹಿಂಡಿಯ ಗಂಟನ್ನು ಧೋತರದೊಳಗೆ ಮರೆಮಾಡಿಕೊಂಡೆ. ಶಹಾಪುರದಲ್ಲಿ ಗಾಡಿ ನಿಂತಿತು. ಮಿರ್ಚಿ ತಿಂದು ಚಹಾ ಕುಡಿದೆ. ಅಲ್ಲಿಯ ಗುಡ್ಡ ದೂರದಿಂದ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಆತನೂ ಒಬ್ಬನೇ ಮಲಗಿದ್ದಾನೆ ಅನ್ನಿಸಿ ನಗು ಬಂತು.

ರಂಗಂಪೇಟೆಯಲ್ಲಿ ಮುದುಕಿ ಇಳಿದಳು, ಸುರಪುರದಲ್ಲಿ ನಾನು. ಹೆಬ್ಬಂಡೆಗಳ ನಡುವೆ ಸುತ್ತಿ ಹತ್ತುವ ದಾರಿ. ಹತ್ತಿದಷ್ಟೂ ಗಾಳಿ ತಂಪಾಯಿತು, ಸುಳ್ಳು ಹೇಳಬಾರದು, ಸಾಹೇಬರುಗಳು ಸುಮ್ಮನೆ ಬರುತ್ತಿರಲಿಲ್ಲ. ಆದರೆ ಬಂಗಲೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಚೌಕೀದಾರ ಹಣಮಂತ ಅಂಗಳ ಗುಡಿಸುತ್ತಿದ್ದ.

"ನೀವು ನಾಗಮ್ಮನ ತಮ್ಮಾರೇನ್ರಿ?" ಕಸಬರಿಗೆ ಕೆಳಗಿಟ್ಟ. "ಯವ್ವಾ, ಎಂಥಾ ಕೆಲಸಾತ್ರಿ! ನಿನ್ನಿ ಇಡೀ ದಿನ ಈ ಕಟ್ಟಿ ಮ್ಯಾಲ ಕುಂತು ದಾರಿ ನೋಡ್ಯಾಳ. ಇವತ್ತ ಮುಂಜಾನಿ ಸಾಹೇಬರ ಕಾರಿನ್ಯಾಗ ಹೋದ್ಲು."

"ನಾಳಿ ಬಾ ಅಂತ ಹೇಳಿ ಕಳಿಸಿದ್ಲಲ್ಲ?"

"ನಾಳಿ ಅಲ್ರಿ! ಮೊನ್ನಿ ಸಂಜಿಕ ಖಾಸೀಮಗ ನನ್ನೆದುರೇ ಹೇಳ್ಯಾಳ. ತಮ್ಮಗ ಮುಂಜಾನಿ ಗಾಡಿಗೇ ಬಾ ಅನ್ನು ಅಂತ."

ಆಗ ತಲೆಗೆ ಹೊಳೆಯಿತು. ಹಾಳಾದ ಆ ಮಾತು! ಕಲ್ ಅಂದರೆ ನಾಳೆಯೂ ಹೌದು, ನಿನ್ನೆಯೂ ಹೌದು. 'ಬಾ ಅಂತ ನಿನ್ನೆ ಹೇಳಿದಳು' ಅಂದಿದ್ದ ಖಾಸೀಮಭಾಯಿ. 'ನಾಳೆ ಬಾ ಅಂದಳು' ಅಂತ ಕೇಳಿಸಿಕೊಂಡವ ನಾನು. ಸೀಟು ಬೇರೆ ತಟ್ಟಿ ಕರೆದಿದ್ದನಲ್ಲ.

"ಗೋದಿ ಹುಗ್ಗಿ ಮಾಡಿದ್ಲರಿ ನಿಮಗಂತ," ಅಂದ ಹಣಮಂತ. "ರಾತ್ರಿ ತನಾ ಮುಚ್ಚಿಟ್ಟಿದ್ಲು. ಹಳಸಿತು, ಎಮ್ಮಿಗೆ ಹಾಕಿದ್ವಿ. ಬರಲಿಲ್ಲ ನೋಡು, ಇನ್ನೂ ಸಿಟ್ಟೈತಿ ಅವಗ, ಅಂದ್ಲು."

ಸಾಹೇಬರಿಗೆ ಔರಂಗಾಬಾದಿಗೆ ಬದಲಿಯಾಗಿತ್ತು. ಯಾದಗಿರಿ ಸ್ಟೇಶನ್ನಿನಲ್ಲಿ ಮಧ್ಯಾಹ್ನದ ರೈಲು ಹಿಡಿಯುತ್ತಾರೆ ಅಂದ. ನನ್ನದೇ ಊರಿನಲ್ಲಿ ಆಕೆ, ಆಕೆಯ ಗುಡ್ಡದ ಮೇಲೆ ನಾನು. ನಮ್ಮ ಗಾಡಿ ತಿರುಗಿ ಹೋಗುವುದು ಹೊತ್ತು ಇಳಿದ ಮೇಲೆ. ಅಕ್ಕ ಕೂತಿದ್ದ ಕಟ್ಟೆಯ ಮೇಲೆ ಕೂತೆ. ಶಹಾಪುರದ ದಾರಿ ಬಹಳ ದೂರದವರೆಗೆ ಕಾಣುತ್ತದೆ ಅಲ್ಲಿಂದ. ಬರುವ ಪ್ರತಿಯೊಂದು ಗಾಡಿಯ ಧೂಳೂ ಕಾಣುತ್ತದೆ. ಆ ತಂಪು ಗಾಳಿಯಲ್ಲಿ ಕೂತು ನಾನು ಅತ್ತೆ. ಹಣಮಂತ ನೀರು ತಂದಿಟ್ಟು ಆಚೆ ಹೋದ.

ಇಳಿಹೊತ್ತಿನ ಗಾಡಿಯಲ್ಲಿ ಖಾಸೀಮಭಾಯಿ ಮುಂದಿನ ಸೀಟು ಕೊಟ್ಟ. "ಮುಲಾಖಾತ್ ಹುವೀ?" ಅಂದ, ಭೇಟಿ ಆಯಿತಾ ಅಂತ. ಅವನ ತಪ್ಪೇನು ಅದರಲ್ಲಿ? "ಹುವೀ," ಅಂದುಬಿಟ್ಟೆ. ಶಹಾಪುರದಲ್ಲಿ ನಾನು ಇಳಿಯಲೇ ಇಲ್ಲ.

ಯಾದಗಿರಿಯಲ್ಲಿ ಗಾಡಿ ನಿಂತಾಗ ದೀಪ ಹಚ್ಚುವ ಹೊತ್ತು. ಪ್ಲಾಟ್‌ಫಾರ್ಮಿಗೆ ಹೋಗಿ ನೋಡಿದೆ, ಯಾರಿದ್ದಾರು? ಖಾನಾವಳಿಗೆ ಬಂದರೆ ಶರಣಮ್ಮ ಬಾಗಿಲಲ್ಲೇ ನಿಂತಿದ್ದಳು.

"ನಿಮ್ಮಕ್ಕ ಬಂದಿದ್ಲೋ! ಕೇಳಿಕೋತ ಕೇಳಿಕೋತ ಬಂದ್ಲು. ರೈಲುಗಾಡಿ ಬರೂ ತನಾ ಈ ಕಟಗಿ ಬಾಂಕಿನ ಮ್ಯಾಲೇ ಕುಂತಿದ್ಲು."

ನಾನು ಆ ಖಾಲಿ ಬಾಂಕನ್ನು ನೋಡಿದೆ.

"ಮಲ್ಲ ಎಲ್ಲ್ಯಾನ್ರಿ ಅಂದ್ಲು. ನಿನ್ನ ನೋಡಾಕ ಸುರಪುರಕ್ಕ ಹೋಗ್ಯಾನವಾ ಅಂದೆ. ಬಾಯಿ ಮ್ಯಾಗ ಸೆರಗು ಇಟಗೊಂಡ್ಲು. ಅವಗ ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಅಂತ ಎರಡು ಸರ್ತಿ ಕೇಳಿದ್ಲಪಾ."

"ನೀ ಏನಂದಿ?"

"ಸಿಟ್ಟಿದ್ದಾವ ಹಿಂಡಿ ಕುಟ್ತಾನೇನವಾ, ಅಂದೆ. ಒರಳು ತೋರಿಸಿದೆ. ಹೋಗಿ ಅದರಾಗ ಉಳಿದ ಹಿಂಡಿಗೆ ಬೆರಳು ಹಚ್ಚಿ ನೆಕ್ಕಿ ನೋಡಿದ್ಲು. ಅವ್ವಂದ ಇದು ಅಂದ್ಲು, ನಕ್ಕೋತ ಗಾಡಿಗಿ ಹೋದ್ಲು."

ನಾನು ಬಾಂಕಿನ ಮೇಲೆ ಕೂತು ಗಂಟು ಬಿಚ್ಚಿದೆ. ಶರಣಮ್ಮ ಎರಡು ಬಿಸಿರೊಟ್ಟಿ ತಂದಿಟ್ಟಳು. ಹಿಂಡಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಅಕ್ಕ ಅದನ್ನು ಹೇಳಿ ಹೋಗಿರಲಿಲ್ಲ.